ಎರಡೂ ಕಡೆಯ ಹಿರಿಯ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯದ ಓಣಿ ಹುಡುಕಿದರೂ ಸಿಗುವುದು ಕಷ್ಟ. ಜೀನ್ಸ್ ಹೊಲಿಯುವ ಒಂದು ಓಣಿಯಲ್ಲಿ, ಸಣ್ಣಬಸಪ್ಪನ ಶೆಡ್ಡಿನಲ್ಲಿ, ಜಂಬಯ್ಯ ಕಟಿಂಗ್ ಮಾಸ್ಟರ್ ಆಗಿದ್ದ. ಮೂವತ್ತು ಪದರ ಬಟ್ಟೆ ಹಾಸಿ, ಚಾಕ್‌ಪೀಸಿನಲ್ಲಿ ಗೀಟೆಳೆದು ಮಷೀನು ಹಾಯಿಸಿದನೆಂದರೆ ಕೊನೆಯ ಪದರವೂ ಮೊದಲನೆಯದರ ಹಾಗೇ ಬರುತ್ತಿತ್ತು. ಬಟ್ಟೆಯ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಬೇರೆ ವಿಷಯಗಳಲ್ಲಿ ಗೊತ್ತಿಲ್ಲದ್ದು ಬೇಕಾದಷ್ಟಿತ್ತು, ಆದರೆ ಅದನ್ನು ಅವನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬ್ಯಾಂಕಿಗೆ ದಾರಿ ಕೇಳಿದ್ದಕ್ಕೆ ಬಹಳ ವಿಶ್ವಾಸದಿಂದ ದನದ ಆಸ್ಪತ್ರೆಗೆ ಕಳಿಸಿದ್ದ. ಆ ಮನುಷ್ಯ ಅಲ್ಲಿ ಎರಡು ಎಮ್ಮೆಗಳ ಹಿಂದೆ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತಿದ್ದನಂತೆ.

ಆ ವರ್ಷ ಬೆಂಗಳೂರಿನ ಒಂದು ಸಂಘದವರು ಇಪ್ಪತ್ತು ಜೀನ್ಸ್ ಅಂಗಿಗಳಿಗೆ ಆರ್ಡರ್ ಕೊಟ್ಟರು. ಉದ್ದ ತೋಳು, ಬೆನ್ನ ಮೇಲೆ ಹಳದಿ ದಾರದಲ್ಲಿ ‘ನೀವು ಹೇಳಿ, ನಾವು ಮಾಡುತ್ತೇವೆ’ ಎಂಬ ಬರಹ. ಇವರು ಪ್ರವಾಸ ಹೋಗುವ ಜನ, ಆದರೆ ಗುಡಿ ಗೋಪುರ ನೋಡುವವರಲ್ಲ. ಗುಡ್ಡಗಾಡಿನ ಹಟ್ಟಿಗಳಿಗೆ ಹೋಗಿ, ಅಲ್ಲಿಯವರ ಮನೆಯಲ್ಲಿದ್ದು, ಅವರು ಹೇಳಿದ ಕೆಲಸ ಮಾಡಿಕೊಟ್ಟು ಬರುವವರು. ಈ ಸಲ ಅವರು ಮಡಕಶಿರಾದ ಕಡೆ, ಅಗಳಿ ದಾಟಿ ಇರುವ ಈಚಲಗೊಂದಿ ಎಂಬ ಎರುಕಲ ಬುಡಕಟ್ಟಿನವರ ಹಟ್ಟಿಗೆ ಹೊರಟಿದ್ದರು. ಅಂಗಿಗಳನ್ನು ನೇರ ಅಲ್ಲಿಗೇ ಮುಟ್ಟಿಸಬೇಕೆಂದು ಮಾತಾಗಿತ್ತು. ಸಾಗಿಸಬೇಕಾಗಿದ್ದ ಆಟೋದವನು ಕೈಕೊಟ್ಟ. ಸಣ್ಣಬಸಪ್ಪ ಶೆಡ್ಡಿನ ಒಳಗೆಲ್ಲ ಕಣ್ಣಾಡಿಸಿ ಕೇಳಿದ:

“ಈಚಲಗೊಂದಿ ಯಾರಿಗಾರ ಗೊತ್ತೈತೇನ್ರಲೇ?”

“ನಂಗ ಗೊತ್ತೈತ್ರಿ,” ಎಂದ ಜಂಬಯ್ಯ. ಆ ಹೆಸರನ್ನು ಅವನು ಹುಟ್ಟಿದಮೇಲೆ ಕೇಳಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಹೊರಟು, ಕಲ್ಯಾಣದುರ್ಗ, ಪಾವಗಡ, ಮಡಕಶಿರಾ ಎಂದು ಬಸ್ಸು ಬದಲಿಸುತ್ತ, ಕೇಳಿದವರಿಗೆಲ್ಲ ದಾರಿ ಗೊತ್ತಿದೆಯೆಂದೇ ಹೇಳುತ್ತ, ಅವನು ಅಗಳಿಯ ಬಸ್ಸು ಹತ್ತಿದ. ಅಲ್ಲಿ ಪಕ್ಕದಲ್ಲಿ ಕೂತ ಮುದುಕಿಯ ಹರಳೆಣ್ಣೆಯ ಕ್ಯಾನಿನ ಮುಚ್ಚಳ ಸಡಿಲವಾಗಿತ್ತು. ರಸ್ತೆ ಕೆಟ್ಟದಾಗಿತ್ತು. ಎರಡು ತಿರುವು ದಾಟುವಷ್ಟರಲ್ಲಿ ಜಂಬಯ್ಯನ ಬಿಳಿ ಅಂಗಿ, ಪ್ಯಾಂಟು, ಒಂದು ಕಿವಿ ಹರಳೆಣ್ಣೆಯಲ್ಲಿ ಮಿಂದವು. ಮುದುಕಿ, “ತಂಪಾಗುತ್ತೆ ಬುಡಪ್ಪ,” ಎಂದು ಸಮಾಧಾನ ಹೇಳಿದಳು. ಹೀಗೆ ಜಿಡ್ಡು ಹಿಡಿದು ಇಳಿದರೆ ಮರ್ಯಾದೆಯ ಪ್ರಶ್ನೆಯೆಂದು ಜಂಬಯ್ಯ ಗಂಟು ಬಿಚ್ಚಿ, ಎಲ್ಲಕ್ಕಿಂತ ದೊಡ್ಡ ಸೈಜಿನ ಹೊಸ ಅಂಗಿಯೊಂದನ್ನು ತೆಗೆದು ತೊಟ್ಟುಕೊಂಡ. ಇಳಿದಮೇಲೆ ಬಿಚ್ಚಿ, ಮಡಿಸಿ, ವಾಪಸು ಇಡುವ ಉದ್ದೇಶ ಪ್ರಾಮಾಣಿಕವಾಗಿಯೇ ಇತ್ತು.

ಇಳಿದ ಜಾಗದಲ್ಲಿ ಹಟ್ಟಿಯ ಅರ್ಧ ಜನ ನಿಂತಿದ್ದರು. ಪ್ರವಾಸದವರ ವ್ಯಾನು ಕೆಟ್ಟು ಅವರು ಮರುದಿನ ಬರುವವರಿದ್ದರು. ಆ ಸುದ್ದಿ ಗುಡ್ಡದ ಈಚೆಗೆ ತಲುಪಿರಲಿಲ್ಲ. ಹಟ್ಟಿಯ ಯಜಮಾನ ದೊಡ್ಡರಂಗಪ್ಪ, ಸುಮಾರು ಎಪ್ಪತ್ತು ವರ್ಷದವನು, ಚೆಂಡುಹೂವಿನ ಹಾರ ಹಿಡಿದು ಮುಂದೆ ಬಂದ. ಹಾರವನ್ನು ಜಂಬಯ್ಯನ ಕೊರಳಿಗೆ ಹಾಕಿ, ಅವನ ಹಿಂದೆ ಇಣುಕಿ ನೋಡಿದ. ಬಸ್ಸು ಹೊರಟುಹೋಗಿತ್ತು.

“ಇಪ್ಪತ್ತು ಅಂತ ಫೋನ್ ಬಂದಿತ್ತು ಸಾಮಿ. ಬಾಕಿ ಎಲ್ಲಿ?”

ಸರಕಿನ ಲೆಕ್ಕ ಕೇಳುತ್ತಿದ್ದಾರೆಂದು ಜಂಬಯ್ಯ ತಿಳಿದ. “ಇಪ್ಪತ್ತೂ ಬಂದಾವ್ರಿ. ಹತ್ತೊಂಬತ್ತು ಈ ಗಂಟಿನಾಗ ಅದಾವ. ಒಂದು ನನ್ನ ಮೈಮ್ಯಾಲೈತಿ.”

ಹಟ್ಟಿಯವರು ಸ್ವಲ್ಪ ಹೊತ್ತು ಗಂಟನ್ನೇ ನೋಡಿದರು. ಆಮೇಲೆ ನರಸಮ್ಮ, ದೊಡ್ಡರಂಗಪ್ಪನ ಹೆಂಡತಿ, ಮೆಲ್ಲಗೆ ಹೇಳಿದಳು: “ಬಿಸ್ಲಾಗೆ ಬಂದವ್ರೆ. ಮೊದ್ಲು ನೀರು ಕೊಡಿ.”

ನಿಜ ಹೇಳಬಹುದಾಗಿತ್ತು. ಆದರೆ ನೀರಿನ ಹಿಂದೆ ಮಜ್ಜಿಗೆ ಬಂತು, ಮಜ್ಜಿಗೆಯ ಹಿಂದೆ ನಾಟಿಕೋಳಿ ಸಾರಿನ ವಾಸನೆ ಬಂತು. ಉಂಡಮೇಲೆ ಹೇಳೋಣವೆಂದುಕೊಂಡ. ಉಂಡಮೇಲೆ, ಇವರ ಕೋಳಿ ತಿಂದು ನಾನು ಅಂಗಿ ಮುಟ್ಟಿಸಲು ಬಂದವನು ಎನ್ನುವುದು ಹೇಗೆ ಎಂಬ ಹೊಸ ತೊಡಕು ಎದ್ದಿತು. ಅಷ್ಟರಲ್ಲಿ ವಾಪಸು ಹೋಗುವ ಕಡೆಯ ಬಸ್ಸೂ ಹೋಯಿತು.

ನರಸಮ್ಮನ ಸೊಸೆ ಗಂಗೋತ್ರಿ ದೂರದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸದವಳು. ಬೆಳಗಾಗುವ ಮುಂಚೆ ವ್ಯಾನು ಹತ್ತಿ, ದಿನವಿಡೀ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿ, ಸಂಜೆ ಮನೆಗೆ ಬರುವವಳು. ಬಂದವಳು ಅತಿಥಿಯ ಬೆನ್ನು ನೋಡಿ ಅತ್ತೆಗೆ ಓದಿ ಹೇಳಿದಳು: “ನೀವು ಹೇಳಿ, ನಾವು ಮಾಡುತ್ತೇವೆ ಅಂತ ಬರದೈತೆ ಕಣತ್ತೆ.”

ನರಸಮ್ಮ ತಲೆಯಾಡಿಸಿದಳು. “ಇಷ್ಟು ದಿನ ಬಂದೋರೆಲ್ಲ ನಾವೇಳ್ತೀವಿ, ನೀವು ಮಾಡಿ ಅನ್ನೋರು. ಇವ್ರು ವಾಸಿ.” ಆಮೇಲೆ ಅತಿಥಿಯ ಕಡೆ ತಿರುಗಿ, “ಅಂಗಾರೆ ಎರಡು ಕೊಡ ನೀರು ಸೇದಣ್ಣ,” ಎಂದಳು.

ಜಂಬಯ್ಯ ನೀರು ಸೇದಿದ. ಸೇದಿದ ಮೇಲೆ ದೊಡ್ಡರಂಗಪ್ಪ ಅವನನ್ನು ಗುಡ್ಡದ ಬುಡದ ಹಳ್ಳಕ್ಕೆ ಕರೆದೊಯ್ದು ಕೆಲಸ ತೋರಿಸಿದ. ಹಳ್ಳದ ಮೇಲ್ಗಡೆ ಬಳ್ಳಾರಿ ಜಾಲಿ ಪೊದೆಗಟ್ಟಿ ನೀರಿನ ದಾರಿ ಮುಚ್ಚಿತ್ತು. ಅದನ್ನು ತೆಗೆಯಬೇಕು. ಕೆಳಗಡೆ ಈಚಲು ಸಾಲು. ಅದನ್ನು ಉಳಿಸಬೇಕು, ಅದರ ಗರಿಯಲ್ಲೇ ಹಟ್ಟಿಯವರು ಪೊರಕೆ, ಚಾಪೆ, ಪುಟ್ಟಿ ಮಾಡುವುದು. ದೊಡ್ಡರಂಗಪ್ಪ ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ. ಜಂಬಯ್ಯ ಮೊಬೈಲನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಹುಡುಕುತ್ತ, ನಡುನಡುವೆ “ಗೊತ್ತೈತ್ರಿ, ಗೊತ್ತೈತ್ರಿ” ಎನ್ನುತ್ತಿದ್ದ. ಒಂದು ಮಾತು ಮಾತ್ರ ಅವನ ಕಿವಿಗೆ ಬಿದ್ದಿತ್ತು: ಮುಳ್ಳು.

ರಾತ್ರಿಯೇ ಒಗೆದು ಒಣಹಾಕಿದ್ದ ಜೀನ್ಸ್ ಅಂಗಿಯನ್ನು ಭಾನುವಾರ ಬೆಳಿಗ್ಗೆ ಅವನು ಮಡಿಸಿ ಗಂಟಿಗೆ ಸೇರಿಸಿಬಿಟ್ಟಿದ್ದ. ಹರಳೆಣ್ಣೆಯ ಬಟ್ಟೆ ಇನ್ನೂ ಸೋಪಿನ ನೀರಿನಲ್ಲಿ ನೆನೆಯುತ್ತಿತ್ತು. ಹಾಗಾಗಿ ದೊಡ್ಡರಂಗಪ್ಪನ ಹಳೆಯ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿ, ಅಡ್ಡ ಬಂದ ಗುದ್ದಲಿಯನ್ನು ಬದಿಗಿಡಲು ಕೈಗೆತ್ತಿಕೊಂಡು, ಹಟ್ಟಿಯ ಬಾಯಲ್ಲಿ ನಿಂತಿದ್ದ. ಸರಿಯಾಗಿ ಆ ಗಳಿಗೆಯಲ್ಲಿ ವ್ಯಾನು ಬಂತು.

ಇಪ್ಪತ್ತು ಜನ ಇಳಿದರು. ಅವರ ಮುಂದಾಳು ಜಗದೀಶ್ ಎಂಬ ಸೌಮ್ಯ ಯುವಕ. ದಾರಿಯುದ್ದಕ್ಕೂ ಅವನು ತನ್ನವರಿಗೆ ಒಂದೇ ಪಾಠ ಹೇಳಿಕೊಂಡು ಬಂದಿದ್ದ. ನಾವು ಕಲಿಸಲು ಹೋಗುತ್ತಿಲ್ಲ, ಕಲಿಯಲು ಹೋಗುತ್ತಿದ್ದೇವೆ. ಸ್ಥಳೀಯರ ಮಾತು ಮೀರಬಾರದು, ಮರುಪ್ರಶ್ನೆ ಹಾಕಬಾರದು. ಗುದ್ದಲಿ ಹಿಡಿದು ನಿಂತ ಪಂಚೆಯ ಮನುಷ್ಯನನ್ನು ಕಂಡದ್ದೇ ಚಪ್ಪಲಿ ಬಿಟ್ಟು ಕೈಮುಗಿದ.

“ತಾವೇ ಹಿರಿಯರಾ?”

ಜಂಬಯ್ಯ ಹುಡುಗನನ್ನು ನೋಡಿದ. ತನಗಿಂತ ಇಪ್ಪತ್ತೈದು ವರ್ಷವಾದರೂ ಚಿಕ್ಕವನು. “ಹೌದ್ರಿ,” ಎಂದ.

ಇಪ್ಪತ್ತೂ ಜನ ಸಾಲಾಗಿ ಕೈಮುಗಿದರು. ಆ ಹೊತ್ತಿಗೆ ಮನೆಯಿಂದ ಹೊರಬಂದ ದೊಡ್ಡರಂಗಪ್ಪ ಅದನ್ನು ನೋಡಿ ಹೆಂಡತಿಗೆ ಪಿಸುಗುಟ್ಟಿದ: “ನೋಡಿದ್ಯಾ, ನಾನು ನಿನ್ನೇನೇ ಅಂದ್ಕಂಡೆ. ಇವ್ರು ಅವ್ರಿಗೆಲ್ಲ ಮೇಲಿನ ಸಾಹೇಬ್ರು. ಅದ್ಕೇ ಒಂದಿನ ಮುಂಚೆ ಬಂದವ್ರೆ.” ಮಾತಿನ ವಿಷಯದಲ್ಲೂ ಯಾರಿಗೂ ಅನುಮಾನ ಬರಲಿಲ್ಲ. ಜಂಬಯ್ಯನ ಬಳ್ಳಾರಿ ಕಡೆಯ ಕನ್ನಡ ಹಟ್ಟಿಯವರಿಗೆ ದೊಡ್ಡ ಪಟ್ಟಣದ ಭಾಷೆಯ ಹಾಗೆ ಕೇಳಿಸಿತು, ಬೆಂಗಳೂರಿನವರಿಗೆ ಗುಡ್ಡದ ಭಾಷೆಯ ಹಾಗೆ ಕೇಳಿಸಿತು.

ಅಂಗಿಗಳನ್ನು ಹಂಚಿದ್ದಾಯಿತು. ನಾಷ್ಟಾ ಮುಗಿಸಿ ಹಟ್ಟಿಯ ಗಂಡಸರು ಜಾಲಿ ಕಡಿಯುವ ಕೊಡಲಿಗಳನ್ನು ಮಸೆಸಲು ಹೋದರು, ಹೆಂಗಸರು ಮಧ್ಯಾಹ್ನದ ಅಡಿಗೆಗೆ ನಿಂತರು. ಸಾಹೇಬರಿಗೆ ಕೆಲಸ ಗೊತ್ತಿದೆ, ಅವರೇ ಕರೆದುಕೊಂಡು ಹೋಗಿ ಶುರು ಮಾಡಿಸಲಿ ಎಂದು ದೊಡ್ಡರಂಗಪ್ಪ ಹೇಳಿದ. ಹೀಗೆ ಹಟ್ಟಿಯ ಕುಡುಗೋಲು ಹಿಡಿದ, ಗಿಡದ ಬಗ್ಗೆ ಏನೂ ಅರಿಯದ ಇಪ್ಪತ್ತು ಜನರನ್ನು, ಅವರಿಗಿಂತಲೂ ಕಡಿಮೆ ಅರಿತ ಒಬ್ಬ ಮನುಷ್ಯ ಹಳ್ಳದ ಕಡೆಗೆ ನಡೆಸಿಕೊಂಡು ಹೊರಟ.

ದಾರಿಯಲ್ಲಿ ಶ್ರಾವಣಿ ಎಂಬ ಹುಡುಗಿ ನೋಟ್‌ಬುಕ್ ತೆರೆದು ಅವನ ಪಕ್ಕದಲ್ಲೇ ನಡೆದಳು. ಅವಳಿಗೆ ಸ್ಥಳೀಯ ಜ್ಞಾನವನ್ನು ದಾಖಲು ಮಾಡುವ ಆಸೆ.

“ಇದು ಯಾವ ಬಳ್ಳಿ, ಅಜ್ಜ?”

ಅಜ್ಜ ಎಂದದ್ದು ಅವನಿಗೆ ಹಿಡಿಸಲಿಲ್ಲ. ಬಳ್ಳಿಯನ್ನು ಎಳೆದು ನೋಡಿದ. ಜಗ್ಗುವ ಬಟ್ಟೆಯ ಹಾಗೆ ಹಿಗ್ಗಿತು, ಬಿಟ್ಟಕೂಡಲೇ ಹಿಂದಕ್ಕೆ ಹೋಯಿತು. “ಇದು ಲೈಕ್ರಾ ಬಳ್ಳಿ ಅಂತ.”

ಅವಳು ಬರೆದುಕೊಂಡಳು. “ಈ ಹುಲ್ಲು?”

ಅಂಚು ಬಟ್ಟೆಯಂಚಿನ ಹೊಲಿಗೆಯ ಹಾಗೆ ಸುರುಳಿಸುರುಳಿಯಾಗಿತ್ತು. “ಓವರ್‌ಲಾಕ್ ಹುಲ್ಲು.”

“ಇಂಗ್ಲಿಷ್ ಹೆಸರಿದ್ದ ಹಾಗಿದೆಯಲ್ಲ?”

“ಬ್ರಿಟಿಷರು ನಮ್ಮ ಕಡಿಂದಾನ ಒಯ್ದಿರಬೇಕು,” ಎಂದ ಜಂಬಯ್ಯ. ಅವಳು ಅದರ ಕೆಳಗೆ ಎರಡು ಗೀಟು ಎಳೆದಳು. ಹಿಂದಿನ ದಿನದ ಬೆವರಿಗೆ ಹೊಸ ಜೀನ್ಸಿನ ಬಣ್ಣ ಇಳಿದು ಅವನ ಕೊರಳೆಲ್ಲ ನೀಲಿಯಾಗಿತ್ತು. ಅದನ್ನೂ ಕೇಳಿದಳು. ಕೊರಳಿಗೆ ನೀಲಿ ಹಚ್ಚುವುದು ನಿಮ್ಮಲ್ಲಿ ಸಂಪ್ರದಾಯವೇ?

“ನಮ್ಮೂರಾಗ ದುಡಿಯೋರಿಗೆಲ್ಲಾ ಹಿಂಗ ಆಗತೈತವ್ವ,” ಎಂದ. ಆ ದಿನ ಅವನ ಬಾಯಿಂದ ಬಂದ ಮೊದಲ ಸತ್ಯ ಅದು.

ಹಳ್ಳದ ಹತ್ತಿರ ಜಗದೀಶ್ ಕೈಕಟ್ಟಿ ನಿಂತು ಕೇಳಿದ: “ಯಾವುದನ್ನು ಕಡಿಯಬೇಕು, ಹೇಳಿ.”

ಜಂಬಯ್ಯ ಸುತ್ತ ನೋಡಿದ. ಎಲ್ಲ ಕಡೆಯೂ ಹಸಿರಾಗಿತ್ತು. ನಿನ್ನೆಯ ಒಂದೇ ಮಾತು ನೆನಪಿಗೆ ಬಂತು. “ಮುಳ್ಳಿದ್ದದ್ದೆಲ್ಲಾ ಕಡೀರಿ.”

ಮುಳ್ಳು ಎರಡು ಕಡೆ ಇತ್ತು. ಮೇಲ್ಗಡೆ ಆಳೆತ್ತರದ ಜಾಲಿ, ನೋಡಿದರೇ ಕೈ ಹಿಂದಕ್ಕೆ ಬರುವಂಥದ್ದು. ಕೆಳಗಡೆ ಸೊಂಟದೆತ್ತರದ ಈಚಲು. ಗರಿಯ ಬುಡದಲ್ಲಿ ಅದಕ್ಕೂ ಮುಳ್ಳಿರುತ್ತದೆ. ಹೊಸಬರು ಸುಲಭವಾದುದರಿಂದ ಶುರು ಮಾಡಿದರು. ಒಬ್ಬ ಯುವಕ, ಇದನ್ನು ನಾನು ಎಲ್ಲೋ ನೋಡಿದ್ದೇನೆ, ಉಪಯೋಗದ ಗಿಡ ಇದ್ದ ಹಾಗಿದೆ ಎಂದ. ಜಗದೀಶ್ ಅವನನ್ನು ಪಕ್ಕಕ್ಕೆ ಕರೆದು, ಪುಸ್ತಕದ ತಿಳಿವಳಿಕೆಯನ್ನು ಇಲ್ಲಿ ಹೇರಬಾರದೆಂದು ನಯವಾಗಿ ಗದರಿಸಿದ. ಆ ಯುವಕ ನಾಚಿಕೊಂಡು ಎಲ್ಲರಿಗಿಂತ ಜೋರಾಗಿ ಕಡಿದ.

ಹನ್ನೊಂದು ಗಂಟೆಗೆ ನರಸಮ್ಮ ಗಂಗೋತ್ರಿಯ ಜೊತೆ ಮಜ್ಜಿಗೆ ಹೊತ್ತು ಬಂದಳು. ಹದಿನಾಲ್ಕು ಈಚಲು ಗಿಡಗಳ ಗರಿ ನೆಲದ ಮೇಲಿತ್ತು. ನರಸಮ್ಮ ಕೂಗಲಿಲ್ಲ. ಮಜ್ಜಿಗೆಯ ಬಿಂದಿಗೆಯನ್ನು ಕೆಳಗಿಟ್ಟು, ಅದರ ಪಕ್ಕದಲ್ಲಿ ಕೂತಳು. ಅವಳು ಹಾಗೆ ಕೂತದ್ದನ್ನು ನೋಡಿ ಕುಡುಗೋಲುಗಳು ಒಂದೊಂದಾಗಿ ನಿಂತವು.

ಕೊಡಲಿ ಹೊತ್ತು ಬಂದ ದೊಡ್ಡರಂಗಪ್ಪನ ಹಿಂದೆಯೇ ಅರಣ್ಯ ಇಲಾಖೆಯ ಬೀಟ್ ಆಫೀಸರ್ ತಿಮ್ಮರಾಜು ಬೈಕಿನಲ್ಲಿ ಬಂದ. ಜಾಲಿ ತೆಗೆಯಲು ಅವನೇ ಅನುಮತಿ ಕೊಡಿಸಿದ್ದ. ಕೆಲಸ ನೋಡಿ ಫೋಟೋ ತೆಗೆಯಬೇಕೆಂದು ಬಂದವನು ಮೊಬೈಲನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

“ಏಮಯ್ಯಾ ಇದು? ಪರ್ಮಿಷನ್ ಕೊಟ್ಟಿದ್ದು ಜಾಲಿಗೆ. ಈಚಲು ಹಣ್ಣು ಗುಡ್ಡದ ಕರಡಿಗಳ ಊಟ. ಇಲ್ಲಿ ಸಿಗಲಿಲ್ಲ ಅಂದ್ರೆ ಅವು ನೇರ ಶೇಂಗಾ ಹೊಲಕ್ಕೆ ಬರ್ತಾವೆ. ಯಾರು ಹೇಳಿದ್ದು ಕಡಿಯೋಕೆ?”

“ಇವರ ಹಿರಿಯರೇ ಹೇಳಿದರು,” ಎಂದ ಜಗದೀಶ್.

“ನಮ್ಮೋರ್ಯಾರೂ ಏಳಿಲ್ಲ. ಇವ್ರ ಸಾಹೇಬ್ರು ಏಳವ್ರೆ,” ಎಂದ ದೊಡ್ಡರಂಗಪ್ಪ.

“ನಮಗೆ ಸಾಹೇಬರೇ ಇಲ್ಲವಲ್ಲ.”

“ನಮಗೆ ಹಿರಿಯ ಅಂದ್ರೆ ನಾನೇ.”

ಇಬ್ಬರ ಬೆರಳೂ ಒಂದೇ ಕಡೆ ತಿರುಗಿದವು. ಜಂಬಯ್ಯ ಅಷ್ಟರಲ್ಲಿ ಒಂದು ಬಂಡೆಯ ಮೇಲೆ ಕೂತು ಓವರ್‌ಲಾಕ್ ಹುಲ್ಲನ್ನು ಬಹಳ ಗಮನವಿಟ್ಟು ನೋಡತೊಡಗಿದ್ದ.

ತಿಮ್ಮರಾಜು ಡೈರಿ ತೆಗೆದ. “ನುವ್ವು ಎವರು? ಯಾರು ನೀನು? ಯಾವ ಕಡೆಯೋನು?”

ಜಂಬಯ್ಯ ಹುಲ್ಲು ಬಿಟ್ಟು ಎದ್ದು ನಿಂತ. ಉತ್ತರ ಕೊಟ್ಟವಳು ಗಂಗೋತ್ರಿ. “ಯಾವ ಕಡೆಯೋರೂ ಅಲ್ಲ ಸಾರ್. ಗಾರ್ಮೆಂಟ್ಸ್‌ನೋರು. ಬೆಳಿಗ್ಗೆ ಅಂಗಿ ಮಡಿಸ್ತಿದ್ರಲ್ಲ, ಕಾಲರ್ ಎತ್ತಿ, ತೋಳು ಒಳಗೆ ಹಾಕಿ, ಉಗುರಲ್ಲಿ ಗೀರಿ. ಹಂಗೆ ಮಡಿಸಾಕೆ ಶೆಡ್ಡಲ್ಲಿ ವರ್ಷಗಟ್ಲೆ ಇರ್ಬೇಕು. ಅವಾಗ್ಲೇ ಅಂದ್ಕಂಡೆ. ಆಮೇಲೆ ದೊಡ್ಡೋರು ಮಾತಾಡ್ತಾವ್ರೆ, ನಂಗ್ಯಾಕೆ ಅಂತ ಸುಮ್ಕಿದ್ದೆ.”

“ನಾನು ರಾಯದುರ್ಗದ ಕಟಿಂಗ್ ಮಾಸ್ಟರ್ರಿ,” ಎಂದ ಜಂಬಯ್ಯ, ನೆಲ ನೋಡುತ್ತ. “ಅಂಗಿ ಮುಟ್ಟಿಸಾಕ ಬಂದಿದ್ದೆ. ಈ ಗಿಡದ ಬಗ್ಗೆ ನಂಗೇನೂ ಗೊತ್ತಿಲ್ರಿ.”

ಆ ಕಡೆಯ ಮಾತು ಹೇಳಲು ಅವನಿಗೆ ನಲವತ್ತೊಂಬತ್ತು ವರ್ಷ ಹಿಡಿದಿತ್ತು. ಹೇಳಿದಮೇಲೆ ಭೂಮಿಯೇನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಒಳಗೆ ಇಳಿಯಲು ಅವನು ಸಿದ್ಧನಾಗಿದ್ದ.

“ಕಟಿಂಗ್ ಮಾಸ್ಟ್ರು,” ಎಂದಳು ನರಸಮ್ಮ, ಬಿದ್ದ ಗರಿಗಳ ಕಡೆ ನೋಡಿ. “ಸರಿಯಾಗೇ ಐತೆ ಬುಡು ಎಸ್ರು.”

ಶ್ರಾವಣಿ ನೋಟ್‌ಬುಕ್ಕಿನ ಮೂರು ಹಾಳೆಗಳನ್ನು ಸದ್ದಾಗದಂತೆ ಹರಿದಳು. ತಿಮ್ಮರಾಜು, ಪ್ರವಾಸ ಇಲ್ಲಿಗೆ ನಿಲ್ಲಲಿ, ಎಲ್ಲರೂ ವ್ಯಾನು ಹತ್ತಲಿ, ತಾನು ರಿಪೋರ್ಟು ಬರೆಯಬೇಕು ಎಂದ. ಜಗದೀಶನ ಕಣ್ಣು ತುಂಬಿದವು. ಇಷ್ಟು ಜವಾಬ್ದಾರಿಯಿಂದ ಇದ್ದೂ ಹೀಗಾಯಿತಲ್ಲ ಎಂದು ಅವನು ಗರಿಗಳ ನಡುವೆ ನಿಂತೇ ಇದ್ದ.

ಆಗ ನರಸಮ್ಮ ಎದ್ದಳು. ಕಡಿದ ಗಿಡವೊಂದರ ಬುಡದಲ್ಲಿ ಕೂತು, ನಡುವೆ ಬೆರಳಿಟ್ಟು ನೋಡಿದಳು. ಇನ್ನೊಂದು ಗಿಡ, ಮತ್ತೊಂದು. ಹೀಗೆ ಹದಿನಾಲ್ಕನ್ನೂ ನೋಡಿದಳು.

“ಗರಿ ಓಗವೆ, ಸುಳಿ ಉಳ್ಕಂಡೈತೆ,” ಎಂದಳು. “ಬದುಕ್ತವೆ. ಇನ್ನೊಂದ್ ಗಂಟೆ ಬುಟ್ಟಿದ್ರೆ ಬದುಕ್ತಿರಲಿಲ್ಲ. ತಿಮ್ಮರಾಜಪ್ಪ, ನಿನ್ ಪುಸ್ತಕ ಒಳಿಕಿಕ್ಕು. ಇವ್ರನ್ನ ಕಳಿಸಿದ್ರೆ ಆ ಜಾಲಿ ನೀನು ಕಡೀತೀಯಾ? ನಮ್ ಹುಡುಗ್ರೆಲ್ಲ ಗಾರ್ಮೆಂಟ್ಸ್ಗೆ ಓಗವ್ರೆ. ಇರೋರು ನಾವು ಮುದುಕರು.”

ತಿಮ್ಮರಾಜು ಜಾಲಿಯ ಕಡೆ ಒಮ್ಮೆ ನೋಡಿ ಡೈರಿ ಮುಚ್ಚಿದ.

“ಬಿದ್ದಿರೋ ಗರಿ ಹಸಿ ಇದ್ದಂಗೇ ಸೀಳ್ಬೇಕು,” ಎಂದಳು ನರಸಮ್ಮ ಇಪ್ಪತ್ತು ಜನರ ಕಡೆ ತಿರುಗಿ. “ಬೆನ್ ಮೇಲೆ ಬರಕಂಡಿದ್ದೀರಲ್ಲ. ಕೂತ್ಕಳಿ.”

ಇಪ್ಪತ್ತೂ ಜನ ಕೂತರು. ತಡೆದು ಇಪ್ಪತ್ತೊಂದನೆಯವನೂ ಕೂತ. ಸೂಜಿಯಂಥ ದಬ್ಬಳದಲ್ಲಿ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳುವುದನ್ನು ನರಸಮ್ಮ ತೋರಿಸಿದಳು. ಅವಳ ಕೈಯಲ್ಲಿ ಅದು ಸರಾಗ. ಬೆಂಗಳೂರಿನವರ ಕೈಯಲ್ಲಿ ಗರಿ ಅಡ್ಡಡ್ಡ ಸೀಳಿತು, ಬೆರಳೂ ಸೀಳಿತು. ಜಂಬಯ್ಯ ಮೊದಲ ಸಲ ಸೀಳುವ ಮುಂಚೆ, “ಹಿಂಗೇನ್ರವ್ವ?” ಎಂದು ಕೇಳಿದ. ಅಲ್ಲ ಎಂದಳು. ಇನ್ನೊಮ್ಮೆ ಕೇಳಿದ. ಅಲ್ಲವೆಂದೇ ಹೇಳಿದಳು. ಸಂಜೆಯ ಹೊತ್ತಿಗೆ ಅವನು ಎಷ್ಟು ಸಲ ಕೇಳಿದನೆಂದರೆ, “ಈಯಪ್ಪ ಸಾಹೇಬ್ರಾಗಿದ್ದಾಗ್ಲೇ ವಾಸಿಯಿತ್ತು,” ಎಂದು ನರಸಮ್ಮ ಗೊಣಗಿದಳು.

ಸೋಮವಾರ ಜಾಲಿಯ ಸರದಿ. ಅದರ ಮುಳ್ಳು ಚಪ್ಪಲಿಯ ಅಟ್ಟೆಯನ್ನೇ ದಾಟಿ ಬರುತ್ತದೆ. ಮೊದಲ ಗಂಟೆಯಲ್ಲೇ ಹಟ್ಟಿಯ ಹೆಂಗಸರ ಅಂಗೈಗಳಲ್ಲಿ ರಕ್ತ ಕಂಡಿತು. ಪ್ರತಿ ವರ್ಷವೂ ಹೀಗೇ, ಎಂದು ಅವರು ಬೇವಿನೆಣ್ಣೆ ಸವರಿಕೊಂಡು ಮತ್ತೆ ಹೊರಟರು. ಜಂಬಯ್ಯ ಅವರ ಕೈಗಳನ್ನು ನೋಡಿದ, ಪ್ರವಾಸದವರ ಅಂಗಿಗಳ ದಪ್ಪ ಉದ್ದ ತೋಳುಗಳನ್ನು ನೋಡಿದ. ಆಮೇಲೆ ಜಗದೀಶನ ಹತ್ತಿರ ಹೋಗಿ ಕೈಕಟ್ಟಿ ನಿಂತ.

“ಒಂದು ಮಾತ್ರಿ. ಗಿಡದ ಮಾತಲ್ಲ, ಬಟ್ಟೀದು. ನಿಮ್ಮ ಅಂಗಿ ತೋಳು ಕತ್ತರಸ್ಲೇನ್ರಿ?”

ಜಗದೀಶ್ ಹೂಂ ಎಂದ, ಇಪ್ಪತ್ತೂ ಅಂಗಿಗಳು ಬಂದವು. ಆ ತೋಳುಗಳಿಗೆ ಎರಡೆಳೆ ಹೊಲಿಗೆ ಹಾಕಿಸಲು ಅವನೇ ಶೆಡ್ಡಿನಲ್ಲಿ ಜಗಳವಾಡಿದ್ದ. ಗಂಗೋತ್ರಿ ಆ ದಿನ ರಜೆ ಹಾಕಿ ಮನೆಯ ಕೈಮಷೀನು ಹೊರಗೆ ತಂದಳು. ಜಂಬಯ್ಯ ನೆಲದ ಮೇಲೆ ನಲವತ್ತು ತೋಳುಗಳನ್ನು ಹಾಸಿ, ಇದ್ದಿಲಿನಲ್ಲಿ ಗೀಟೆಳೆದು, ಹೆಬ್ಬೆರಳಿಗೆ ಒಂದು ಗೂಡು, ಉಳಿದ ಬೆರಳಿಗೆ ಒಂದು ಗೂಡು ಎಂದು ಕತ್ತರಿಸಿದ. ಗಂಗೋತ್ರಿ ಮಷೀನು ತಿರುಗಿಸಿದಳು. ಮೊಣಕೈವರೆಗೆ ಬರುವ ಇಪ್ಪತ್ತು ಜೊತೆ ಕೈಗವಸು ಸಿದ್ಧವಾದವು. ಅವಳು ಒಂದೊಂದನ್ನೂ ಒಳಗೆ ಹೊರಗೆ ತಿರುಗಿಸಿ ನೋಡಿ ಮೂರನ್ನು ತಪ್ಪೆಂದು ವಾಪಸು ಕೊಟ್ಟಳು. ಅವನು ಬಿಚ್ಚಿ ಮತ್ತೆ ಹೊಲಿದ.

ಕೈಗವಸು ಹಾಕಿಕೊಂಡ ನರಸಮ್ಮ ಜಾಲಿಯ ಕೊಂಬೆಯೊಂದನ್ನು ಮೆತ್ತನೆಯ ಬಳ್ಳಿಯ ಹಾಗೆ ಹಿಡಿದು ಎಳೆದಳು. ಮತ್ತೊಂದನ್ನು ಎಳೆದಳು. ಆಮೇಲೆ ಅವಳನ್ನು ನಿಲ್ಲಿಸುವುದು ಯಾರಿಂದಲೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಹಳ್ಳದ ಬಾಯಿ ಇಪ್ಪತ್ತು ಮಾರು ತೆರೆದಿತ್ತು. ತಿಮ್ಮರಾಜು ತನಗೂ ಒಂದು ಜೊತೆ ಕೇಳಿದ.

ಅಷ್ಟರಲ್ಲಿ ಬಸ್ಸಿನವರ ಬಾಯಿಂದ ರಾಯದುರ್ಗ ತಲುಪಿದ ಸುದ್ದಿ ಬೇರೆ ಥರ ಬೆಳೆದಿತ್ತು. ಗುಡ್ಡದ ಮೇಲೆ ಸಿಗ್ನಲ್ ಸಿಕ್ಕಾಗ ಸಣ್ಣಬಸಪ್ಪನ ಕರೆ ಬಂತು.

“ಎಲ್ಲಿ ಅದೀಯಪ್ಪ? ಫಾರೆಸ್ಟ್‌ನೋರು ಹಿಡದಾರಂತ?”

“ಬಿಟ್ಟಾರ್ರಿ.”

“ಮತ್ತ ಅಲ್ಲೇನು ಮಾಡಾಕತ್ತಿ?”

“ಕಸಬರಿಗಿ ಕಟ್ಟಾಕತ್ತೀನ್ರಿ.”

ಸಣ್ಣಬಸಪ್ಪ ಕರೆ ಕಡಿದು, ಜಂಬಯ್ಯನ ಹೆಂಡತಿ ಚಿನ್ನಕ್ಕನಿಗೆ, ನಿನ್ನ ಗಂಡನಿಗೆ ಬಿಸಿಲು ತಾಗಿದೆ ಎಂದು ಹೇಳಿಕಳಿಸಿದ.

ಬುಧವಾರ ಪ್ರವಾಸದವರು ಹೊರಟರು. ಮುಂದಿನ ವರ್ಷ ಬಂದಾಗ ಮೊದಲು ನರಸಮ್ಮನನ್ನೇ ಕೇಳುವುದೆಂದು ಜಗದೀಶ್ ಬರೆದುಕೊಂಡ. ಬೆಂಗಳೂರಿನವರು ಕಟ್ಟಿದ ಹನ್ನೆರಡು ಸೊಟ್ಟ ಪೊರಕೆಗಳನ್ನು ಮಾತ್ರ ಏನು ಮಾಡುವುದೆಂದು ಹಟ್ಟಿಗೆ ತಿಳಿಯಲಿಲ್ಲ. ಇವನ್ನು ನಮ್ಮ ಹೆಸರಲ್ಲಿ ಸಂತೆಗಿಟ್ಟರೆ ಮಾನ ಹೋಗುತ್ತದೆ ಎಂದು ನರಸಮ್ಮ ಎಲ್ಲವನ್ನೂ ಜಂಬಯ್ಯನ ತಲೆಗೆ ಕಟ್ಟಿದಳು. ಅದರ ಜೊತೆ, ಅವನೇ ಕಟ್ಟಿದ್ದೂ ಒಂದಿತ್ತು.

ಪ್ಯಾಂಟಿನ ಹರಳೆಣ್ಣೆ ಕಡೆಗೂ ಹೋಗಿರಲಿಲ್ಲ. ಆದ್ದರಿಂದ ಅವನು ಪಂಚೆಯಲ್ಲೇ, ತಲೆಗೆ ಟವೆಲು ಸುತ್ತಿ, ಪೊರಕೆಯ ಹೊರೆ ಹೊತ್ತು ಸಂಜೆ ರಾಯದುರ್ಗದಲ್ಲಿ ಇಳಿದು ತನ್ನ ಓಣಿಗೆ ನಡೆದ. ಎದುರುಮನೆಯ ಪಾಪಕ್ಕ ಮುಖ ನೋಡದೆ ಹೊರೆಗೆ ಕೈಹಾಕಿದಳು.

“ಹೆಂಗಪ್ಪ ಕಸಬರಿಗಿ? ಎರಡು ದಿನಕ್ಕ ಉದುರತಾವೇನು?”

ನಾನು ಜಂಬಯ್ಯ ಎನ್ನಲು ಬಾಯಿ ತೆರೆದವನು, ಪ್ರಶ್ನೆ ಕೇಳಿ ಹೊರೆ ಇಳಿಸಿದ. ಗರಿಯನ್ನು ಹಸಿ ಇದ್ದಾಗಲೇ ಸೀಳಬೇಕು, ನೆರಳಿನಲ್ಲಿ ಒಣಗಿಸಬೇಕು, ಕಟ್ಟುವಾಗ ಬುಡ ನೆನೆಸಿರಬೇಕು, ಸುಳಿಗೆ ಮಾತ್ರ ಯಾವತ್ತೂ ಕೈಹಾಕಬಾರದು ಎಂದು ಶುರುಮಾಡಿದ. ಇದೆಲ್ಲ ಅವನಿಗೆ ನಿಜವಾಗಿಯೂ ಗೊತ್ತಿತ್ತು. ನಾಲ್ಕು ಮನೆಯ ಹೆಂಗಸರು ಸೇರಿದರು. ದನಿ ಗುರುತು ಹತ್ತಿ ಚಿನ್ನಕ್ಕ ಹೊರಗೆ ಬಂದಳು. ಗಂಡನನ್ನು ಪಂಚೆಯಿಂದ ಟವೆಲಿನವರೆಗೆ ನೋಡಿದಳು. ಎಲ್ಲಕ್ಕಿಂತ ನೆಟ್ಟಗಿದ್ದ ಪೊರಕೆಯೊಂದನ್ನು ಹೊರೆಯಿಂದ ಎಳೆದು ತಿರುಗಿಸಿ ನೋಡಿದಳು.

“ಇದನ್ನ ಯಾರು ಕಟ್ಟಿದ್ದು?”

“ನಾನು,” ಎಂದ ಜಂಬಯ್ಯ, ಎದೆಯುಬ್ಬಿಸಿ.

“ಚಲೋ ಕಟ್ಟೀರಿ,” ಎಂದು ಅವಳು ಅದನ್ನು ಅವನ ಕೈಗೇ ಕೊಟ್ಟಳು. “ಹಂಗಾರ ಅಂಗಳ ಒಂದೀಟು ಕಸ ಹೊಡೀರಿ. ನಾನು ಚಾ ಇಡತೀನಿ.”

ಜಂಬಯ್ಯ ಬಗ್ಗಿ ಅಂಗಳ ಗುಡಿಸಿದ. ಒಂದು ಗರಿಯೂ ಉದುರಲಿಲ್ಲ. ಅದನ್ನು ಕಣ್ಣಾರೆ ನೋಡಿದ ಪಾಪಕ್ಕ ಕಸ ತುಂಬಿದ ತನ್ನ ಅಂಗಳದ ಗೇಟು ತೆರೆದು ಹಿಡಿದಳು.